ಓದುಗರು ತಮ್ಮ ಪುಸ್ತಕ ತಾವೇ ಹೊರತರಲು ಗ್ರಂಥಾಲಯ ಹೇಗೆ ನೆರವಾಗಬಹುದು? ಹಂತ ಹಂತವಾಗಿ

"ನಾನೊಂದು ಪುಸ್ತಕ ಬರೆದಿದ್ದೀನಿ ಸಾರ್, ಅಚ್ಚು ಹಾಕಿಸೋದು ಹೇಗೆ?" ಗ್ರಂಥಾಲಯದಲ್ಲಿ ಕೆಲಸ ಮಾಡುವ ಎಲ್ಲರೂ ಈ ಪ್ರಶ್ನೆ ಕೇಳಿಸಿಕೊಂಡಿರುತ್ತಾರೆ. ನಿವೃತ್ತ ಮೇಷ್ಟ್ರು ಊರಿನ ಚರಿತ್ರೆ ಬರೆದಿಟ್ಟಿರುತ್ತಾರೆ. ಅಜ್ಜಿಯಿಂದ ಕಲಿತ ಸೋಬಾನೆ ಹಾಡುಗಳನ್ನು ಯಾರೋ ನೋಟ್‌ಬುಕ್ಕಿನಲ್ಲಿ ತುಂಬಿಸಿರುತ್ತಾರೆ. ಕಾಲೇಜು ಹುಡುಗಿಯ ಫೋನಿನಲ್ಲಿ ಒಂದು ಸಂಕಲನಕ್ಕಾಗುವಷ್ಟು ಕವಿತೆಗಳಿರುತ್ತವೆ. ಇವರಿಗೆ ಏನು ಹೇಳಬೇಕು ಅಂತ ಗ್ರಂಥಪಾಲಕರು, ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ (ಹಳ್ಳಿಯ ಗ್ರಂಥಾಲಯಗಳ) ಮೇಲ್ವಿಚಾರಕರು ಮತ್ತೆ ಮತ್ತೆ ಕೇಳುತ್ತಾರೆ. ಈ ಲೇಖನ ಅವರಿಗಾಗಿ. ಬರಹಗಾರರು ಓದಿಕೊಂಡರೂ ಉಪಯೋಗವಾಗುತ್ತದೆ.

ಪ್ರಕಾಶಕರ ಮೂಲಕ ಹೋಗದೆ, ಬರೆದವರೇ ತಮ್ಮ ಖರ್ಚಿನಲ್ಲಿ, ತಮ್ಮ ಹೆಸರಿನಲ್ಲಿ ಪುಸ್ತಕ ಹೊರತರುವುದಕ್ಕೆ ಸ್ವಯಂ ಪ್ರಕಟಣೆ ಅನ್ನುತ್ತೇವೆ. ಇದರಲ್ಲಿ ದುಡ್ಡು ಕಳೆದುಕೊಂಡವರು ಬಹಳ ಜನ ಇದ್ದಾರೆ. ಅವರಿಗೆ ಬರೆಯಲು ಬರುತ್ತಿತ್ತು. ಅಚ್ಚಿನ ದಾರಿ ಗೊತ್ತಿರಲಿಲ್ಲ, ಅಷ್ಟೇ. ಪ್ರೆಸ್ಸಿನವರು, ಕಂಪ್ಯೂಟರಿನಲ್ಲಿ ಪುಟ ಕಟ್ಟಿಕೊಡುವ ಡಿಟಿಪಿಯವರು, ಎಲ್ಲ ಕೆಲಸವನ್ನೂ ಸೇರಿಸಿ ಪ್ಯಾಕೇಜ್ ಮಾರುವ ಕಂಪನಿಯವರು ಎಲ್ಲರೂ ಏನಾದರೊಂದು ಮಾರಲೇಬೇಕು. ಏನನ್ನೂ ಮಾರದೆ, ಪಕ್ಕದಲ್ಲಿ ಕೂತು ಸರಿಯಾದ ಮಾಹಿತಿ ಕೊಡುವ ಜಾಗ ಊರಲ್ಲಿ ಗ್ರಂಥಾಲಯವೊಂದೇ. ನೀವು ಪ್ರಕಾಶಕರಾಗಬೇಕಿಲ್ಲ. ದುಡ್ಡು ಕೈಬಿಡುವ ಮೊದಲು ಬರಹಗಾರರು ನಿಮ್ಮ ಹತ್ತಿರ ಬರುವಂತಾದರೆ ಸಾಕು.

ಶುರು ಮಾಡುವ ಮೊದಲು

ದೊಡ್ಡ ಸಾಮಾನೇನೂ ಬೇಡ. ಕನ್ನಡ ಟೈಪ್ ಮಾಡಬಹುದಾದ ಒಂದು ಕಂಪ್ಯೂಟರ್, ಇಂಟರ್‌ನೆಟ್, ಒಂದು ಪ್ರಿಂಟರ್, ಸಾಹಿತ್ಯ ಪರಿಷತ್ತಿನ ನಿಘಂಟು, ಇಬ್ಬರು ಮೂವರು ಕೂರುವಷ್ಟು ಮೇಜು. ಜೊತೆಗೆ ನಿಮ್ಮ ಕಪಾಟು ಇದೆ. ಅಚ್ಚಾದ ಪುಸ್ತಕ ಹೇಗಿರಬೇಕು, ಹೇಗಿರಬಾರದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಎಲ್ಲೂ ಸಿಗುವುದಿಲ್ಲ.

ಕೆಲವು ವಿಷಯಗಳಲ್ಲಿ ಮೊದಲೇ ಗೆರೆ ಎಳೆದುಕೊಳ್ಳಿ. ಬರಹಗಾರರ ದುಡ್ಡು ನಿಮ್ಮ ಕೈಯಿಂದ ಪ್ರೆಸ್ಸಿಗೆ ಹೋಗಬಾರದು. "ಇದೇ ಪ್ರೆಸ್ಸಿಗೆ ಹೋಗಿ" ಅಂತ ಒಂದೇ ಹೆಸರು ಹೇಳಬೇಡಿ, ಮೂರು ನಾಲ್ಕು ಹೆಸರು ಕೊಡಿ. ಮೇಲಧಿಕಾರಿಗಳ ಒಪ್ಪಿಗೆ ಬರಹದಲ್ಲಿ ಇಲ್ಲದೆ ಪುಸ್ತಕದ ಮೇಲೆ ಪ್ರಕಾಶಕರು ಅಂತ ಗ್ರಂಥಾಲಯದ ಹೆಸರು ಬರುವುದಕ್ಕೆ ಬಿಡಬೇಡಿ. ಗ್ರಂಥಾಲಯ ಈ ಪುಸ್ತಕವನ್ನು ಕೊಳ್ಳುತ್ತದೆ ಅನ್ನುವ ಭರವಸೆಯನ್ನಂತೂ ಯಾರಿಗೂ ಕೊಡಬೇಡಿ.

1. ಮೊದಲ ಮಾತುಕತೆ: ಯಾರಿಗೆ, ಎಷ್ಟು ಪ್ರತಿ?

ಹಸ್ತಪ್ರತಿ ತೆರೆಯುವ ಮೊದಲು ಎರಡು ಪ್ರಶ್ನೆ ಕೇಳಿ. ಈ ಪುಸ್ತಕ ಯಾರು ಓದಬೇಕು ಅಂತ ನಿಮ್ಮ ಆಸೆ? ಎಷ್ಟು ಪ್ರತಿ ಬೇಕು?

ಎರಡನೆಯ ಪ್ರಶ್ನೆಗೆ "ಸಾವಿರ" ಅನ್ನುವ ಉತ್ತರ ಥಟ್ಟನೆ ಬರುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ (ಪ್ಲೇಟ್ ಮಾಡಿಕೊಂಡು ಅಚ್ಚು ಹಾಕುವ ರೀತಿ) ಪ್ರತಿ ಹೆಚ್ಚಾದಷ್ಟೂ ಒಂದೊಂದು ಪುಸ್ತಕಕ್ಕೆ ಬೀಳುವ ಖರ್ಚು ಕಡಿಮೆ ಅಂತ ಯಾರೋ ಹೇಳಿರುತ್ತಾರೆ. ಆ ಮಾತು ನಿಜ. ಆದರೆ ಮಾರಾಟವಾಗದ 800 ಪ್ರತಿ ಅಟ್ಟದ ಮೇಲೆ ಕೂತರೆ ಉಳಿತಾಯ ಎಲ್ಲಿ ಬಂತು? ಒಂದು ಹಾಳೆ ಕೊಟ್ಟು, ಈ ಪುಸ್ತಕ ಖಂಡಿತ ತೆಗೆದುಕೊಳ್ಳುವವರ ಹೆಸರು ಬರೆಯಲು ಹೇಳಿ. ನೆಂಟರು, ಸಹೋದ್ಯೋಗಿಗಳು, ಊರಿನ ಸಂಘ, ಶಾಲೆಗಳು, ಎಲ್ಲರ ಹೆಸರೂ ಬರಲಿ. ಆ ಪಟ್ಟಿ 70ಕ್ಕೆ ನಿಂತರೆ ಮೊದಲ ಸಲ 100 ಪ್ರತಿ ಧಾರಾಳ ಸಾಕು. ಬೇಕಾದರೆ ಮತ್ತೆ ಮುದ್ರಿಸಬಹುದಲ್ವಾ?

ಚೊಚ್ಚಲ ಪುಸ್ತಕ ತಂದ ಯುವ ಬರಹಗಾರರಾಗಿದ್ದರೆ ಇಲ್ಲೇ ಇನ್ನೊಂದು ಮಾತು ಹೇಳಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತದೆ. ಅರ್ಜಿ ಕರೆದಾಗ ವಯಸ್ಸಿನ ಮಿತಿ, ಬೇಕಾದ ದಾಖಲೆ, ಕೊನೆಯ ದಿನ ಎಲ್ಲ ಆ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ. ಇದನ್ನು ಅಚ್ಚಿಗೆ ಹೋಗುವ ಮೊದಲೇ ನೋಡಿಕೊಳ್ಳಬೇಕು. ಪುಸ್ತಕ ಮುದ್ರಿಸಿ ಆದಮೇಲೆ ಕೇಳಿಕೊಂಡು ಬಂದರೆ ಕೈಮೀರಿರುತ್ತದೆ.

2. ಟೈಪಿಂಗ್: ಯೂನಿಕೋಡ್ ಆಗಿರಲೇಬೇಕು

ಕನ್ನಡ ಪುಸ್ತಕಗಳು ಜಾಸ್ತಿ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಂಪ್ಯೂಟರಿನಲ್ಲಿ ಕನ್ನಡ ಎರಡು ಬಗೆಯಲ್ಲಿ ಇರುತ್ತದೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಇದನ್ನು ಆಸ್ಕಿ ಕನ್ನಡ ಅಂತ ಕರೆಯುವುದು ರೂಢಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಯೂನಿಕೋಡ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇದೆ. ಫಾಂಟ್ ಬದಲಾದರೂ ಬರಹ ಕನ್ನಡವಾಗಿಯೇ ಉಳಿಯುತ್ತದೆ. ಇ-ಪುಸ್ತಕ ಮಾಡಲು, ಪದ ಹುಡುಕಲು, ಕಣ್ಣು ಕಾಣದವರು ಫೋನಿನಿಂದ ಓದಿಸಿ ಕೇಳಲು ಯೂನಿಕೋಡ್ ಬೇಕೇ ಬೇಕು.

ಪರೀಕ್ಷೆ ಬಹಳ ಸುಲಭ. ಫೈಲಿನಿಂದ ನಾಲ್ಕು ಸಾಲು ಕಾಪಿ ಮಾಡಿ ವಾಟ್ಸಾಪ್ ಮೆಸೇಜಿಗೆ ಅಂಟಿಸಿ. ಕನ್ನಡವಾಗಿ ಕಂಡರೆ ಯೂನಿಕೋಡ್. ಚಿಹ್ನೆಗಳು ಕಂಡರೆ ಆಸ್ಕಿ.

ಆಸ್ಕಿ ಫೈಲನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇಂಟರ್‌ನೆಟ್ಟಿನಲ್ಲಿವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು, ಒತ್ತಕ್ಷರಗಳನ್ನು, ಅಂಕಿಗಳನ್ನು, ಉದ್ಧರಣ ಚಿಹ್ನೆಗಳನ್ನು ಕಣ್ಣಿಟ್ಟು ನೋಡಿ. ತಪ್ಪು ಉಳಿಯುವುದು ಅಲ್ಲೇ. ಇನ್ನೊಂದು ಸಣ್ಣ ತೊಂದರೆ: "ಸಾಫ್ಟ್‌ವೇರ್" ಅನ್ನುವುದು "ಸಾಫ್ಟ್ವೇರ್" ಆಗಿಬಿಡುತ್ತದೆ. ಎರಡು ಅಕ್ಷರ ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಇದೆ. ಪರಿವರ್ತನೆಯಲ್ಲಿ ಅದು ಬಿದ್ದುಹೋದಾಗ ಹೀಗಾಗುತ್ತದೆ.

ಬರಹ ಇನ್ನೂ ಕೈಬರಹದಲ್ಲೇ ಇದ್ದರೆ? ಟೈಪಿಂಗಿಗೆ ದುಡ್ಡು ಕೊಡುವ ಮೊದಲು ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ತೋರಿಸಿ. ಮೈಕ್ ಮುಂದೆ ಕನ್ನಡದಲ್ಲಿ ಓದುತ್ತಾ ಹೋದರೆ ಬರಹ ಮೂಡುತ್ತದೆ. ಪೂರ್ಣವಿರಾಮ, ಪ್ಯಾರಾ ಆಮೇಲೆ ಕೈಯಿಂದ ಹಾಕಿಕೊಳ್ಳಬೇಕು. ಬೆರಳು ಓಡದ ಹಿರಿಯರಿಗೆ ಇದು ದೊಡ್ಡ ಅನುಕೂಲ. ಹಳೆಯ ಅಚ್ಚಿನ ಪುಟಗಳಿದ್ದರೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದಲ್ಲಿರುವ ಅಕ್ಷರಗಳನ್ನು ಅದು ಓದಿ ಬರಹವಾಗಿ ಕೊಡುತ್ತದೆ. ಇದಕ್ಕೆ ಒಸಿಆರ್ ಅನ್ನುತ್ತಾರೆ. ಅಚ್ಚು ಸ್ಪಷ್ಟವಾಗಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ. ಕೈಬರಹಕ್ಕೆ ಇದನ್ನು ನಂಬಬೇಡಿ.

ಎಚ್ಚರಿಕೆ: ಗ್ರಂಥಾಲಯದ ಕಂಪ್ಯೂಟರ್ ಹತ್ತು ಜನ ಮುಟ್ಟುವಂಥದ್ದು. ಕೆಲಸ ಮುಗಿದ ಮೇಲೆ ಮೇಲ್ ಖಾತೆಯಿಂದ ಹೊರಬರಲು ಹೇಳಿ. ಫೈಲ್ ಪೆನ್‌ಡ್ರೈವ್‌ನಲ್ಲಿ ಒಂದು, ಬರಹಗಾರರ ಮೇಲ್‌ನಲ್ಲಿ ಒಂದು, ಹೀಗೆ ಎರಡು ಕಡೆ ಇರಲಿ.

3. ತಿದ್ದುಪಡಿ: ಬರೆದವರೊಬ್ಬರೇ ತಿದ್ದಿದರೆ ಸಾಲದು

ತಾನು ಬರೆದದ್ದರಲ್ಲಿ ತಪ್ಪು ತನಗೆ ಕಾಣುವುದಿಲ್ಲ. ಕಣ್ಣು ಓದುತ್ತಿದ್ದರೂ ಮನಸ್ಸು ಮುಂದೆ ಓಡುತ್ತಿರುತ್ತದೆ. ಅದಕ್ಕೆ ಕರಡು ತಿದ್ದುವ ಓದುಗರ ಒಂದು ಸಣ್ಣ ಗುಂಪು ಕಟ್ಟಿ. ಗ್ರಂಥಾಲಯಕ್ಕೆ ದಿನಾ ಬರುವ ನಿವೃತ್ತ ಶಿಕ್ಷಕರು, ಕನ್ನಡ ಎಂ.ಎ. ಓದುತ್ತಿರುವವರು ಸಂತೋಷದಿಂದ ಒಪ್ಪುತ್ತಾರೆ. ಒಂದು ಪುಸ್ತಕಕ್ಕೆ ಇಬ್ಬರು ಸಾಕು. ಅವರ ಹೆಸರು ಪುಸ್ತಕದ ನೆನಕೆಗಳಲ್ಲಿ ಬರಲಿ.

ಮೂರು ಸುತ್ತು ಓದಿ. ಒಂದು ಸಲ ಪರದೆಯ ಮೇಲೆ, ಒಂದು ಸಲ ಕಾಗದದ ಮೇಲೆ, ಕೊನೆಯ ಸಲ ಜೋರಾಗಿ. ಎಡವಿದ ವಾಕ್ಯ ಜೋರಾಗಿ ಓದಿದಾಗ ಸಿಕ್ಕೇ ಸಿಗುತ್ತದೆ. ಲ ಮತ್ತು ಳ, ಅಕಾರ ಮತ್ತು ಹಕಾರ, ಅಲ್ಪಪ್ರಾಣ ಮತ್ತು ಮಹಾಪ್ರಾಣ ಇವನ್ನು ಬೇರೆಯಾಗಿ ನೋಡಿ. ಒಂದು ಪದವನ್ನು ಒಂದೇ ರೀತಿ ಬರೆದಿದೆಯೇ ಅನ್ನುವ ಪಟ್ಟಿ ಇಟ್ಟುಕೊಳ್ಳಿ. ಒಂದು ಪುಟದಲ್ಲಿ "ಪಂಚಾಯತ್", ಇನ್ನೊಂದರಲ್ಲಿ "ಪಂಚಾಯಿತಿ" ಇದ್ದರೆ ಓದುವವರಿಗೆ ಕಿರಿಕಿರಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಆಡುಮಾತನ್ನು ತಿದ್ದಬೇಡಿ. ಧಾರವಾಡದ ಕಡೆಯ ಮಾತು, ಕುಂದಾಪುರದ ಕನ್ನಡ, ಚಾಮರಾಜನಗರದ ಕಡೆಯ ಮಾತು ಪುಸ್ತಕದಲ್ಲಿ ಬಂದರೆ ಅದು ತಪ್ಪಲ್ಲ, ಪುಸ್ತಕದ ಜೀವವೇ ಅದು. ಬರೆದವರು ಬೇಕೆಂದೇ ಹಾಗೆ ಬರೆದಿದ್ದಾರೋ, ಕೈತಪ್ಪಿ ಬಂದಿದೆಯೋ ಅಂತ ಕೇಳಿ. ಕನ್ನಡ ಲಿಪಿಯಲ್ಲಿ ಬರೆದ ತುಳು, ಕೊಡವ, ಬ್ಯಾರಿ, ಕೊಂಕಣಿ ಹಸ್ತಪ್ರತಿ ಬಂದರೆ ಆ ಭಾಷೆ ಬಲ್ಲವರನ್ನೇ ಹುಡುಕಿ ಕೊಡಿ.

4. ಹಕ್ಕುಗಳು

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದ್ದು. ನೋಂದಣಿ ಕಡ್ಡಾಯವಲ್ಲ. "ಕಾಪಿರೈಟ್ ಮಾಡಿಸದೆ ಅಚ್ಚು ಹಾಕಬಾರದು" ಅಂತ ಹೆದರಿಸಿ ದುಡ್ಡು ಕೀಳುವವರಿದ್ದಾರೆ, ಹುಷಾರಾಗಿರಿ. ಮುಂದೆ ವ್ಯಾಜ್ಯವಾದರೆ ಸಾಕ್ಷಿ ಇರಲಿ ಅನ್ನುವವರು ಕೃತಿಸ್ವಾಮ್ಯ ಕಚೇರಿಯ ಪೋರ್ಟಲ್‌ನಲ್ಲಿ ತಾವೇ ಅರ್ಜಿ ಹಾಕಬಹುದು.

ಬೇರೆಯವರ ಹಕ್ಕಿನ ಕಡೆಗೂ ಗಮನ ಬೇಕು. ಅಧ್ಯಾಯದ ತಲೆಯಲ್ಲಿ ಅಲಂಕಾರಕ್ಕೆ ಡಿವಿಜಿಯವರ ಒಂದು ಪದ್ಯ, ಬೇಂದ್ರೆಯವರ ನಾಲ್ಕು ಸಾಲು ಹಾಕುವ ಆಸೆ ತುಂಬ ಜನಕ್ಕೆ ಇರುತ್ತದೆ. ಬರಹಗಾರರು ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಹಾಗಾಗಿ 2035ರ ಕೊನೆಯವರೆಗೆ ಹಕ್ಕು ಇದೆ. ಬೇಂದ್ರೆಯವರದ್ದು 1981, ಲೆಕ್ಕ 2041ಕ್ಕೆ ಮುಗಿಯುತ್ತದೆ. ವಿಮರ್ಶೆಗಾಗಿ ಚಿಕ್ಕ ಭಾಗ ಉಲ್ಲೇಖಿಸಲು ಕಾನೂನಿನಲ್ಲಿ ಅವಕಾಶ ಇದೆ. ಇಡೀ ಪದ್ಯ ಹಾಕಿಕೊಳ್ಳುವುದಾದರೆ ಹಕ್ಕುದಾರರ ಅನುಮತಿ ಪಡೆಯಬೇಕು. ಸಿನಿಮಾ ಹಾಡು, ಪತ್ರಿಕೆಯ ಫೋಟೋ, ಗೂಗಲ್‌ನಲ್ಲಿ ಸಿಕ್ಕ ಚಿತ್ರ ಇವುಗಳಿಗೂ ಹಕ್ಕುದಾರರು ಇರುತ್ತಾರೆ.

ಜನಪದ ಹಾಡುಗಳ ಸಂಗ್ರಹವಾದರೆ ಹಾಡಿದವರ ಹೆಸರು, ಊರು, ಹಾಡಿಸಿಕೊಂಡ ವರ್ಷ ಹಾಕಬೇಕು. ಅವರ ಒಪ್ಪಿಗೆ ಕೇಳಬೇಕು. ಆತ್ಮಕಥೆ, ಊರಿನ ಚರಿತ್ರೆಗಳಲ್ಲಿ ಬದುಕಿರುವವರ ಹೆಸರು ಬರುತ್ತದೆ. ಜಗಳ, ಜಮೀನು ವ್ಯಾಜ್ಯ, ಮದುವೆಯ ವಿಷಯ ಬರೆದಿದ್ದರೆ ಮಾನನಷ್ಟದ ಕೇಸು ಬೀಳಬಹುದು. ಅಂಥ ಪುಟಗಳಿಗೆ ಗುರುತು ಹಾಕಿಕೊಟ್ಟು, ವಕೀಲರಿಗೆ ತೋರಿಸಲು ಹೇಳಿ. ಅದನ್ನು ನೀವು ತೀರ್ಮಾನ ಮಾಡಲು ಹೋಗಬೇಡಿ.

5. ಪುಟ ವಿನ್ಯಾಸ

ಕಪಾಟಿನಿಂದ ನಾಲ್ಕೈದು ಪುಸ್ತಕ ತೆಗೆದು ಮೇಜಿನ ಮೇಲಿಡಿ. ಯಾವುದು ಓದಲು ಹಿತ, ಯಾಕೆ ಅಂತ ಬರಹಗಾರರೇ ಹೇಳಲಿ. ಅಳತೆಪಟ್ಟಿ ಹಿಡಿದು ಅಂಚು ಅಳೆಯಲಿ. ಕನ್ನಡದಲ್ಲಿ ಹೆಚ್ಚು ರೂಢಿಯಲ್ಲಿರುವ ಅಳತೆ 1/8 ಡೆಮಿ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ.

ಅಕ್ಷರದ ಗಾತ್ರ 11 ಅಥವಾ 12 ಪಾಯಿಂಟ್ ಇರಲಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಬೈಂಡಿಂಗ್ ಕಡೆಯ ಅಂಚು ಹೊರಗಿನ ಅಂಚಿಗಿಂತ ಅಗಲ ಇರಬೇಕು, ಇಲ್ಲದಿದ್ದರೆ ಸಾಲಿನ ಕೊನೆ ಮಡಿಕೆಯೊಳಗೆ ಹೋಗುತ್ತದೆ.

ಫಾಂಟ್ ವಿಷಯದಲ್ಲಿ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಒಳಪುಟಗಳಿಗೆ ಚೆನ್ನಾಗಿರುತ್ತವೆ. ಮುಖಪುಟಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ ನೋಡಬಹುದು. ಇವೆಲ್ಲ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟುಗಳು, ಪುಸ್ತಕಕ್ಕೆ ಬಳಸಲು ದುಡ್ಡು ಕೊಡಬೇಕಿಲ್ಲ. ಕಥೆ, ಕವಿತೆಗಳ ಸರಳ ಪುಸ್ತಕಕ್ಕೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಅನ್ನುವ ತಂತ್ರಾಂಶ ಸಾಕು. ಚಿತ್ರ ಜಾಸ್ತಿ ಇದ್ದರೆ ಪುಟ ಕಟ್ಟುವ ಉಚಿತ ತಂತ್ರಾಂಶ ಸ್ಕ್ರೈಬಸ್‌ನ ಈಚಿನ ಆವೃತ್ತಿ ಬಳಸಿ, ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಡಿಟಿಪಿಯವರ ತಂತ್ರಾಂಶ ಇನ್‌ಡಿಸೈನ್ ಬಳಸುವವರು "ವರ್ಲ್ಡ್-ರೆಡಿ ಕಂಪೋಸರ್" ಆಯ್ಕೆ ಮಾಡಿಕೊಳ್ಳಬೇಕು. ಅದಿಲ್ಲದಿದ್ದರೆ ಒತ್ತಕ್ಷರಗಳು ಒಡೆದು ಕಾಣುತ್ತವೆ.

ಪುಟಗಳ ಲೆಕ್ಕದಲ್ಲಿ ದುಡ್ಡು ಉಳಿಯುತ್ತದೆ. ಪ್ರೆಸ್ಸಿನಲ್ಲಿ ಪುಟಗಳನ್ನು ಫಾರಂ ಲೆಕ್ಕದಲ್ಲಿ ಮುದ್ರಿಸುತ್ತಾರೆ. ಡೆಮಿ ಅಳತೆಯಲ್ಲಿ ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ. ಪುಸ್ತಕ 130 ಪುಟ ಬಂದರೆ ಒಂಬತ್ತು ಫಾರಂ ಬೇಕು, 144 ಪುಟದ ಖರ್ಚು, 14 ಪುಟ ಖಾಲಿ. ಎರಡು ಪುಟ ಕಡಿಮೆ ಮಾಡಿ 128ಕ್ಕೆ ತಂದರೆ ಎಂಟೇ ಫಾರಂ. ಇದಕ್ಕಾಗಿ ಅಕ್ಷರ ಚಿಕ್ಕದು ಮಾಡಬೇಡಿ. ಎರಡನೆಯ ಮುನ್ನುಡಿ ಬಿಟ್ಟರೆ ಸಾಮಾನ್ಯವಾಗಿ ಲೆಕ್ಕ ಕೂಡಿಕೊಳ್ಳುತ್ತದೆ.

ಎಚ್ಚರಿಕೆ: ಡಿಟಿಪಿಯವರಿಗೆ ನೀವು ಯೂನಿಕೋಡ್ ಫೈಲ್ ಕೊಟ್ಟರೂ ಕೆಲವರು ಅದನ್ನು ಆಸ್ಕಿಗೆ ಬದಲಿಸಿ ಪೇಜ್‌ಮೇಕರ್ ಅನ್ನುವ ಹಳೆಯ ತಂತ್ರಾಂಶದಲ್ಲಿ ಕೂರಿಸುತ್ತಾರೆ. ನೀವು ತಿದ್ದಿದ ಪುಸ್ತಕದಲ್ಲಿ ಹೊಸ ತಪ್ಪುಗಳು ಹುಟ್ಟುತ್ತವೆ. "ಯೂನಿಕೋಡ್‌ನಲ್ಲೇ ಮಾಡ್ತೀರಾ?" ಅಂತ ಮೊದಲೇ ಕೇಳಬೇಕು. ಪುಟ ಕಟ್ಟಿದ ಮೇಲೆ ಇನ್ನೊಮ್ಮೆ ಪೂರ್ತಿ ಓದಬೇಕು. ಕೊನೆಯ ಪಿಡಿಎಫ್ ಜೊತೆಗೆ ಅದನ್ನು ತಯಾರಿಸಿದ ಮೂಲ ಫೈಲ್ ಕೂಡ ಬರಹಗಾರರ ಕೈಗೆ ಬರಬೇಕು. ಇದನ್ನು ದರ ಮಾತಾಡುವಾಗಲೇ ಬರೆಸಿಕೊಳ್ಳಿ. ಪುಸ್ತಕ ಮುಗಿದ ಮೇಲೆ ಕೇಳಿದರೆ ಸಿಗುವುದು ಕಷ್ಟ.

6. ಐಎಸ್‌ಬಿಎನ್

ಪ್ರತಿ ಪುಸ್ತಕವನ್ನು ಜಗತ್ತಿನಲ್ಲಿ ಗುರುತಿಸುವ 13 ಅಂಕಿಗಳ ಸಂಖ್ಯೆ ಇದು. ಭಾರತದ ಪುಸ್ತಕಗಳಲ್ಲಿ 978-81 ಅಥವಾ 978-93 ಅಂತ ಶುರುವಾಗುವುದನ್ನು ನಿಮ್ಮ ಕಪಾಟಿನಲ್ಲೇ ನೋಡಬಹುದು. ನಮ್ಮ ದೇಶದಲ್ಲಿ ಇದನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ. ಸಂಖ್ಯೆ ಉಚಿತ. ಬರಹಗಾರರು ತಾವೇ ಅದರ ಪೋರ್ಟಲ್‌ನಲ್ಲಿ ಖಾತೆ ತೆರೆದು ಅರ್ಜಿ ಹಾಕಬಹುದು.

ಗ್ರಂಥಾಲಯದ ನೆರವು ಇಲ್ಲಿ ತುಂಬ ಬೇಕಾಗುತ್ತದೆ. ಅರ್ಜಿ ಇಂಗ್ಲಿಷಿನಲ್ಲಿ ಇರುತ್ತದೆ, ಗುರುತಿನ ದಾಖಲೆ, ಪುಸ್ತಕದ ಶೀರ್ಷಿಕೆ ಪುಟ ಇವನ್ನೆಲ್ಲ ಸ್ಕ್ಯಾನ್ ಮಾಡಿ ಏರಿಸಬೇಕು. ಪಕ್ಕದಲ್ಲಿ ಕೂತು ಮಾಡಿಸಿ. ಖಾತೆ ಮಾತ್ರ ಬರಹಗಾರರ ಮೇಲ್ ಮತ್ತು ಫೋನ್ ನಂಬರಿನಲ್ಲೇ ಇರಲಿ. ಒಪ್ಪಿಗೆ ಬರಲು ಸಮಯ ಹಿಡಿಯುತ್ತದೆ, ಹಾಗಾಗಿ ಎರಡನೆಯ ಸುತ್ತಿನ ತಿದ್ದುಪಡಿ ನಡೆಯುವಾಗಲೇ ಅರ್ಜಿ ಹಾಕಿ. ಬಿಡುಗಡೆಯ ದಿನ ಗೊತ್ತು ಮಾಡಿ, ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ಐಎಸ್‌ಬಿಎನ್‌ಗೆ ಓಡಾಡುವವರನ್ನು ಯಾರೂ ಕಾಪಾಡಲಾರರು.

ಕೆಲವು ಗೊಂದಲಗಳು ಸಾಮಾನ್ಯ. ಐಎಸ್‌ಬಿಎನ್ ಪಡೆದರೆ ಕೃತಿಸ್ವಾಮ್ಯ ಸಿಕ್ಕಂತೆ ಅಲ್ಲ, ಎರಡೂ ಬೇರೆ. ಮೆತ್ತನೆಯ ರಟ್ಟು, ಗಟ್ಟಿ ರಟ್ಟು, ಇ-ಪುಸ್ತಕ ಇವಕ್ಕೆ ಬೇರೆ ಬೇರೆ ಸಂಖ್ಯೆ ಬೇಕು. ಬದಲಾವಣೆ ಇಲ್ಲದ ಮರುಮುದ್ರಣಕ್ಕೆ ಹಳೆಯದೇ ನಡೆಯುತ್ತದೆ, ಪರಿಷ್ಕೃತ ಆವೃತ್ತಿಗೆ ಹೊಸದು. ಕೊನೆಯದಾಗಿ, ಕಂಪನಿಯೊಂದು ತನ್ನ ಐಎಸ್‌ಬಿಎನ್ ಕೊಟ್ಟರೆ ದಾಖಲೆಯಲ್ಲಿ ಪ್ರಕಾಶಕರು ಆ ಕಂಪನಿಯೇ.

ಸಂಖ್ಯೆ ಬಂದ ಮೇಲೆ ಮಾಹಿತಿ ಪುಟ ಸಿದ್ಧಮಾಡಿ. ಶೀರ್ಷಿಕೆ, ಬರಹಗಾರರು, ಪ್ರಕಾಶಕರ ಹೆಸರು ವಿಳಾಸ, ಮೊದಲ ಮುದ್ರಣದ ವರ್ಷ, ಪುಟ, ಬೆಲೆ, ಪ್ರತಿಗಳು, ಬಳಸಿದ ಕಾಗದ, ಅಳತೆ, ಹಕ್ಕುದಾರರು, ಐಎಸ್‌ಬಿಎನ್, ಮುದ್ರಕರ ಹೆಸರು. ಇಂಗ್ಲಿಷಿನಲ್ಲೂ ಶೀರ್ಷಿಕೆ, ಬರಹಗಾರರ ಹೆಸರು ಇರಲಿ. ಪಟ್ಟಿ ಮಾಡುವ ಬೇರೆ ಗ್ರಂಥಾಲಯದವರಿಗೆ ಅನುಕೂಲ.

7. ಮುದ್ರಣ ಮತ್ತು ಒಪ್ಪಂದ

ಸುಮಾರು 300 ಪ್ರತಿಗಿಂತ ಕಡಿಮೆ ಇದ್ದರೆ ಡಿಜಿಟಲ್ ಮುದ್ರಣದ (ಪ್ಲೇಟ್ ಇಲ್ಲದೆ ಫೈಲಿನಿಂದ ನೇರವಾಗಿ ಅಚ್ಚು ಹಾಕುವುದು) ದರ ಕೇಳಿ. ಅದಕ್ಕಿಂತ ಜಾಸ್ತಿ ಇದ್ದರೆ ಆಫ್‌ಸೆಟ್ ದರವನ್ನೂ ಪಕ್ಕದಲ್ಲಿಟ್ಟು ನೋಡಿ. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ಪದ್ಧತಿಯೂ ಇದೆ. ಬೆಂಗಳೂರಿನ ಪೋಥಿ ಡಾಟ್ ಕಾಮ್ ಇಂಥ ಸೇವೆ ಕೊಡುತ್ತದೆ. ಒಂದು ಪ್ರತಿಯ ಬೆಲೆ ಜಾಸ್ತಿ ಬೀಳುತ್ತದೆ, ಆದರೆ ಮನೆಯಲ್ಲಿ ಪುಸ್ತಕ ರಾಶಿ ಬೀಳುವುದಿಲ್ಲ.

ಮೂರು ಪ್ರೆಸ್ಸಿನಿಂದ ದರಪಟ್ಟಿ ತರಿಸಿ. ಮೂವರಿಗೂ ಒಂದೇ ವಿವರ ಕೊಡಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಅಳತೆ, ಪುಟ, ಪ್ರತಿ, ಒಳಕಾಗದ, ರಟ್ಟು, ಲ್ಯಾಮಿನೇಷನ್, ಬೈಂಡಿಂಗ್. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಅನ್ನುವ ಕಾಗದ ರೂಢಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಜಿಎಸ್‌ಎಂ. ಬೈಂಡಿಂಗ್ ವಿಷಯದಲ್ಲಿ ನಿಮ್ಮಷ್ಟು ಅನುಭವ ಬೇರೆ ಯಾರಿಗಿದೆ? ಬರೀ ಅಂಟಿನ ಬೈಂಡಿಂಗ್ ನಾಲ್ಕು ಜನ ಓದುವಷ್ಟರಲ್ಲಿ ಪುಟ ಬಿಡುವುದನ್ನು ದಿನಾ ನೋಡುತ್ತೀರಿ. ಹೊಲಿಗೆ ಹಾಕಿ ಅಂಟಿಸಿದ್ದು ಬಾಳಿಕೆ ಬರುತ್ತದೆ. ಎರಡು ಹಳೆಯ ಪುಸ್ತಕ ಕೈಗೆ ಕೊಟ್ಟು ತೋರಿಸಿ. ಪುಸ್ತಕದ ಬೆನ್ನಿನ ಮೇಲೆ ಹೆಸರು ಹಾಕಲು ನೆನಪಿಸಿ, ಕಪಾಟಿನಲ್ಲಿ ಕಾಣುವುದು ಅದೊಂದೇ.

ಪೂರ್ತಿ ಹಣ ಮುಂಗಡ ಕೊಡುವುದು ಬೇಡ. ಮೊದಲು ಒಂದು ಮಾದರಿ ಪ್ರತಿ ಬರಲಿ, ನೋಡಿ ಒಪ್ಪಿದ ಮೇಲೆ ಉಳಿದದ್ದು ಮುದ್ರಣವಾಗಲಿ.

ಪ್ಯಾಕೇಜ್ ಮಾರುವ ಕಂಪನಿಗಳ ಜೊತೆ ಹೋಗುವವರು ಒಪ್ಪಂದವನ್ನು ಸಹಿ ಹಾಕುವ ಮೊದಲು ಗ್ರಂಥಾಲಯಕ್ಕೆ ತರಲಿ, ಕೂತು ಓದಿ. ಹಕ್ಕು ಬರಹಗಾರರಲ್ಲೇ ಉಳಿಯುತ್ತದೆಯೇ? ಎಷ್ಟು ವರ್ಷ? ಇ-ಪುಸ್ತಕ, ಅನುವಾದ, ಸಿನಿಮಾ ಹಕ್ಕು ಯಾರದ್ದು? ಒಪ್ಪಂದ ಮುರಿಯುವುದು ಹೇಗೆ? ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. "ಪ್ರಚಾರ" ಅನ್ನುವ ಹೆಸರಲ್ಲಿ ದೊಡ್ಡ ಮೊತ್ತ ಕೇಳಿದರೆ, ಏನೇನು ಮಾಡುತ್ತಾರೆ ಅಂತ ಒಂದೊಂದಾಗಿ ಬರೆದುಕೊಡಲು ಕೇಳಿ. ಬರೆದುಕೊಡದವರಿಗೆ ದುಡ್ಡು ಕೊಡಬೇಡಿ.

8. ಪುಸ್ತಕ ಬಂದ ಮೇಲೆ ಕಳಿಸಬೇಕಾದ ಪ್ರತಿಗಳು

ಸ್ವಂತ ಪುಸ್ತಕ ಹೊರತಂದವರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಾಶಕರು ಪ್ರಕಟಣೆಯಾದ 30 ದಿನದೊಳಗೆ ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈನ ಕನ್ನಿಮಾರ, ಮುಂಬೈನ ಸೆಂಟ್ರಲ್ ಲೈಬ್ರರಿ, ದೆಹಲಿ ಪಬ್ಲಿಕ್ ಲೈಬ್ರರಿಗಳಿಗೂ ಒಂದೊಂದು ಹೋಗಬೇಕು. ಸ್ವಯಂ ಪ್ರಕಟಣೆಯಲ್ಲಿ ಬರೆದವರೇ ಪ್ರಕಾಶಕರು, ಹಾಗಾಗಿ ಈ ಹೊಣೆ ಅವರದ್ದೇ. ವಿಳಾಸದ ಚೀಟಿಗಳನ್ನು ನೀವು ಪ್ರಿಂಟ್ ಮಾಡಿ ಇಟ್ಟಿರಿ. ಅಂಚೆ ರಸೀದಿ ಜೋಪಾನ.

ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಸ್ವಾಮ್ಯ ವಿಭಾಗಕ್ಕೂ ಪ್ರತಿ ಕೊಟ್ಟು ನೋಂದಾಯಿಸಬೇಕು (ನಾಲ್ಕನೆಯ ಹಂತದಲ್ಲಿ ಹೇಳಿದ ಕೃತಿಸ್ವಾಮ್ಯದ ನೋಂದಣಿ ಬೇರೆ, ಇದು ಬೇರೆ). ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಆಯ್ಕೆಗೆ ಅರ್ಜಿ ಕರೆದಾಗ ಈ ನೋಂದಣಿಯ ದಾಖಲೆ ಕೇಳುತ್ತಾರೆ. ಆಯಾ ವರ್ಷದ ಪ್ರಕಟಣೆಯನ್ನು ಸೂಚನಾಫಲಕಕ್ಕೆ ಹಾಕಿ. ಆಯ್ಕೆಯಾಗಬಹುದು, ಆಗದಿರಬಹುದು. ಆ ಖರೀದಿಯನ್ನು ನಂಬಿ ಸಾಲ ಮಾಡಿ ಪ್ರತಿ ಹೆಚ್ಚಿಸುವುದು ಬೇಡವೇ ಬೇಡ ಅಂತ ಬಿಡಿಸಿ ಹೇಳಿ.

9. ಇ-ಪುಸ್ತಕ

ಎರಡನೆಯ ಹಂತದಲ್ಲಿ ಯೂನಿಕೋಡ್ ಮಾಡಿದ್ದರೆ ಇದು ಸುಲಭ. ಇ-ಪುಸ್ತಕಕ್ಕೆ ಇಪಬ್ ಅನ್ನುವ ರೂಪ ಬೇಕು, ಅದು ಫೋನಿನ ಪರದೆಗೆ ತಕ್ಕಂತೆ ಸಾಲು ಹೊಂದಿಸಿಕೊಳ್ಳುತ್ತದೆ. ಲಿಬ್ರೆ ಆಫೀಸ್‌ನಿಂದಲೇ ಇಪಬ್ ಮಾಡಬಹುದು. ಮಾರಲು ಗೂಗಲ್ ಪ್ಲೇ ಬುಕ್ಸ್ ಇದೆ. ಅಮೆಜಾನ್ ಕಿಂಡಲ್ 2016ರಲ್ಲಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಕಿಂಡಲ್ ಬಗ್ಗೆ ಕೇಳುವವರಿಗೆ ಅದರ ಈಗಿನ ಭಾಷೆಗಳ ಪಟ್ಟಿ ತೋರಿಸಿ, ಆಮೇಲೆ ಮುಂದುವರಿಯಿರಿ.

ಹಣ ಬೇಡ, ಎಲ್ಲರೂ ಓದಲಿ ಅನ್ನುವವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ (ಬೇರೆಯವರು ಹಂಚಿಕೊಳ್ಳಲು ಮೊದಲೇ ಅನುಮತಿ ಕೊಡುವ ಪರವಾನಗಿ) ಇಂಟರ್‌ನೆಟ್ ಆರ್ಕೈವ್ ಅನ್ನುವ ಉಚಿತ ಡಿಜಿಟಲ್ ಗ್ರಂಥಾಲಯಕ್ಕೆ ಏರಿಸಬಹುದು. ಈ ಪರವಾನಗಿ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಎರಡು ದಿನ ಯೋಚಿಸಿ ಬರಲು ಹೇಳಿ.

10. ಕಪಾಟಿಗೆ

ಬಿಡುಗಡೆಯನ್ನು ಗ್ರಂಥಾಲಯದಲ್ಲೇ ಇಟ್ಟುಕೊಳ್ಳಿ. ಭಾಷಣ ಕಡಿಮೆ ಮಾಡಿ, ಬರಹಗಾರರು ಹತ್ತು ನಿಮಿಷ ಓದಲಿ. ಒಂದು ಪ್ರತಿ ಎರವಲಿಗೆ, ಒಂದು ಪರಾಮರ್ಶನಕ್ಕೆ ಇಟ್ಟು, ಪರಿಗ್ರಹಣ ಸಂಖ್ಯೆ (ಗ್ರಂಥಾಲಯಕ್ಕೆ ಸೇರಿದ ಪ್ರತಿಯ ದಾಖಲೆ ಸಂಖ್ಯೆ) ಕೊಟ್ಟು ಪಟ್ಟಿಗೆ ಸೇರಿಸಿ. ವಿಷಯಕ್ಕೆ ತಕ್ಕ ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣ ಬಳಸುವವರಾದರೆ ಕವಿತೆ, ಕಥೆ 894.814ರ ಕೆಳಗೆ ಹೋಗುತ್ತವೆ. ಊರಿನ ಚರಿತ್ರೆಯನ್ನು ಅಲ್ಲಿಗೆ ಸೇರಿಸಬೇಡಿ, ಅದರ ಜಾಗ 954.87. ಹೀಗೆ ಸರಿಯಾಗಿ ಸೇರಿಸಿದರೆ ಮುಂದೆ ಸಂಶೋಧನೆಗೆ ಬಂದವರ ಕೈಗೆ ಸಿಗುತ್ತದೆ.

"ನಮ್ಮೂರ ಬರಹಗಾರರು" ಅಂತ ಒಂದು ಕಪಾಟು ಮಾಡುವುದಾದರೆ ನಿಯಮವನ್ನು ಮೊದಲೇ ಬರೆದು ಗೋಡೆಗೆ ಹಾಕಿ. ಯಾವ ತಾಲ್ಲೂಕಿನವರು, ಒಬ್ಬರದ್ದು ಎಷ್ಟು ಪ್ರತಿ, ಯಾವ ಬಗೆಯ ಪುಸ್ತಕ ಸೇರುವುದಿಲ್ಲ ಅಂತ. ಆಮೇಲೆ ಮುನಿಸಿಗೆ ಜಾಗ ಇರುವುದಿಲ್ಲ.

ಇಷ್ಟೆಲ್ಲ ಒಂದೇ ಸಲ ಶುರು ಮಾಡಲು ಹಿಂಜರಿಕೆ ಆದರೆ, ಬೇಸಿಗೆ ಶಿಬಿರದಲ್ಲಿ ಮಕ್ಕಳ ಬರಹಗಳ 32 ಪುಟದ ಸಂಕಲನದಿಂದ ಆರಂಭಿಸಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ತಿದ್ದಿ, ಪುಟ ಕಟ್ಟಿ, ಗ್ರಂಥಾಲಯದ ಪ್ರಿಂಟರಿನಲ್ಲೇ ಮುದ್ರಿಸಿ, ಮಧ್ಯೆ ಪಿನ್ ಹೊಡೆಯಿರಿ. ಮಕ್ಕಳ ಹೆಸರು ಹಾಕಲು ತಂದೆತಾಯಿಯ ಒಪ್ಪಿಗೆ ಪಡೆಯಿರಿ. ಮೊದಲ ಐದು ಹಂತಗಳು ನಿಮಗೂ ಕೈಗೂಡುತ್ತವೆ.

ಪ್ರತಿ ಪುಸ್ತಕಕ್ಕೂ ಒಂದು ಹಾಳೆ ತೆರೆದಿಡಿ. ಐಎಸ್‌ಬಿಎನ್ ಎಷ್ಟು ದಿನಕ್ಕೆ ಬಂತು, ಯಾವ ಅಳತೆಗೆ ಯಾವ ದರ ಆಯಿತು, ಎಲ್ಲಿ ತಪ್ಪಾಯಿತು, ಎಷ್ಟು ಪ್ರತಿ ಖರ್ಚಾದವು ಅಂತ ಬರಹಗಾರರ ಒಪ್ಪಿಗೆ ಪಡೆದು ಬರೆದಿಡಿ. ಮುಂದೆ ಪುಸ್ತಕ ಹಿಡಿದು ಬಂದವರಿಗೆ ಮೊದಲು ಆ ಹಾಳೆಗಳನ್ನೇ ಓದಲು ಕೊಡಿ.